ಹಿತ್ತಾಳೆ ಪಟ್ಟಿಯ ಕಲಾವಿದ

ನನ್ನ ಹೆಂಡತಿ ಕಾಂಚನಾ ನನ್ನ ರಿಫ್ಲೆಕ್ಟರಿನ ಮೇಲೆ ಶಂಡಿಗೆ ಒಣಹಾಕಿದ್ದಳು.

ರಿಫ್ಲೆಕ್ಟರ್ ಎಂದರೆ ಬೆಳ್ಳಿ ಬಣ್ಣದ ಬಟ್ಟೆ ಬಿಗಿದ, ದೊಡ್ಡ ಪರಾತದಂಥ ಚಕ್ರ. ಮುಖದ ಕತ್ತಲೆಯ ಮಗ್ಗುಲಿಗೆ ಬೆಳಕು ಚೆಲ್ಲುವಂಥದ್ದು. ಭಾವಚಿತ್ರ ಕಲೆಯ ಜೀವಾಳ. ಅದರ ಮೇಲೆ ಅಕ್ಕಿ ಶಂಡಿಗೆ! ಅದೂ ಸಾಲುಸಾಲಾಗಿ, ಗುಂಪು ಫೋಟೋಕ್ಕೆ ನಿಂತವರ ಹಾಗೆ.

"ಇದೇನ ಇದು?" ಎಂದೆ.

"ಬಿಸಲ ಭಾಳ ಚಲೋ ಹಿಡಿತೈತ್ರಿ ಇದು. ನೀವು ತಂದ ಸಾಮಾನಿನ್ಯಾಗ ಉಪಯೋಗಕ್ಕ ಬಂದದ್ದು ಇದೊಂದ ನೋಡ್ರಿ."

ಫೋಂಡಾ ಪೇಟೆಯಲ್ಲಿ ನನ್ನದೊಂದು ಸ್ಟೀಲ್ ಪಾತ್ರೆಗಳ ಅಂಗಡಿ ಇದೆ. ಆದರೆ ಅದು ಹೊಟ್ಟೆಪಾಡು. ನನ್ನ ಆತ್ಮ ಇರುವುದು ಕ್ಯಾಮೆರಾದಲ್ಲಿ. ಧಾರವಾಡ ಬಿಟ್ಟು ಗೋವಾ ಸೇರಿದ ಮೇಲೆ ಎಲ್ಲರೂ ಸಮುದ್ರ ನೋಡಿದರೆ, ನಾನು ಬೆಳಕನ್ನು ನೋಡಿದೆ. ಈಗ ನನ್ನ ಬಳಿ ಒಂದು ಕ್ಯಾಮೆರಾ, ಹಿಂದಿನದೆಲ್ಲವನ್ನೂ ಬೆಣ್ಣೆಯಂತೆ ಮಸುಕು ಮಾಡುವ ಒಂದು ಲೆನ್ಸು, ಮೂರು ಕಾಲಿನ ಸ್ಟ್ಯಾಂಡು ಮತ್ತು ಕೊಡೆಯಂಥ ಎರಡು ದೀಪಗಳಿವೆ. (ಮಳೆಗಾಲದಲ್ಲಿ ಒಂದನ್ನು ಕಾಂಚನಾ ನಿಜವಾಗಿಯೂ ಹಿಡಿದುಕೊಂಡು ತರಕಾರಿಗೆ ಹೋಗಿದ್ದಳು. ಸೋರಿತು ಎಂದು ನನ್ನನ್ನೇ ಬೈದಳು.)

ಇಷ್ಟೆಲ್ಲ ಇದ್ದೂ, ಅವಳ ಅಣ್ಣ ಕರೆಪ್ಪನ ಮಗಳು ಕೀರ್ತಿಯ ಮದುವೆಯ ಫೋಟೋ ಕೆಲಸವನ್ನು ಅಬ್ರಾರ ಎಂಬ ಸ್ಟುಡಿಯೋದವನಿಗೆ ಕೊಟ್ಟರು! ಸಾವರ್ಡೆಯಲ್ಲಿ ಲಾರಿ ಇಟ್ಟುಕೊಂಡಿರುವ ಕರೆಪ್ಪನಿಗೆ ಚಕ್ರ ಇರುವುದೆಲ್ಲ ಅರ್ಥವಾಗುತ್ತದೆ, ಲೆನ್ಸು ಇರುವುದು ಅರ್ಥವಾಗುವುದಿಲ್ಲ.

"ಮನ್ಯಾಗ ಕಲಾವಿದನ್ನ ಇಟಗೊಂಡು ಹೊರಗಿನವರನ್ನ ಕರೀತಾರಲ್ಲ ನಿಮ್ಮಣ್ಣ?"

"ಕರೀಲಿಲ್ಲಂದ್ರ ಮದುವಿ ಆದದ್ದು ಯಾರಿಗೂ ಗೊತ್ತಾಗೂದಿಲ್ಲಲ್ರಿ. ನಮ್ಮ ಚಿಗವ್ವನ ಮಗಳ ಕುಬಸದಾಗ ನೀವ ತಗದ ಫೋಟೋದಾಗ ಏನ ಕಾಣ್ತಿತ್ತು? ಬರೇ ಒಂದ ಬಾಳಿಹಣ್ಣು!"

"ಅದು ಫೋಕಸ್ಸಿನ ಸೂಕ್ಷ್ಮ. ಹಿಂದಿನ ಜನ ಮಸುಕಾಗಿ..."

"ಬಸುರಿ ಹೆಣ್ಮಗಳನ್ನೂ ಮಸುಕ ಮಾಡಿದ್ರಿ. ಸುಮ್ನ ಕುಂದರ್ರಿ. ನಮ್ಮ ತವರಮನ್ಯಾಗ ನನ್ನ ಮಾನ ಕಳೀಬ್ಯಾಡ್ರಿ."

ನಾನು ಸುಮ್ಮನೆ ಕೂತೆ. ಆದರೆ ಕೂತಲ್ಲೇ ನನಗೊಂದು ಮಹದಾಲೋಚನೆ ಹೊಳೆಯಿತು. ನಾನು ಮದುವೆಯ ಆಯೇರಿಗೆ ಸೀರೆ ಧೋತರ ಕೊಡುವುದಿಲ್ಲ. ಅತ್ತೆ ಶಾರದವ್ವನವರದೊಂದು ಭಾರಿ ಭಾವಚಿತ್ರ ಮಾಡಿಸಿ ಮಂಟಪದ ಬಾಗಿಲಲ್ಲೇ ನಿಲ್ಲಿಸುತ್ತೇನೆ. ಕೆಳಗೆ ಹಿತ್ತಾಳೆ ಪಟ್ಟಿ, ಪಟ್ಟಿಯ ಮೇಲೆ ನನ್ನ ಹೆಸರು. ಬಂದ ಬೀಗರೆಲ್ಲ ಅದನ್ನು ಓದಬೇಕು. "ಇಂಥವರು ಮನೆಯಲ್ಲೇ ಇರುವಾಗ..." ಎಂದು ಕರೆಪ್ಪನತ್ತ ತಿರುಗಿ ನೋಡಬೇಕು. ನನಗೆ ಬೇಕಾದದ್ದು ಅಷ್ಟೆ: ಹೆಂಡತಿಯ ತವರಿನಲ್ಲಿ ಕಲಾವಿದನೆಂದು ನನ್ನ ಹೆಸರು ನಿಲ್ಲಬೇಕು.

ಅತ್ತೆ ನಮ್ಮ ಮನೆಗೆ ಬಂದಾಗ ಪಡಸಾಲೆಯಲ್ಲಿ ಕೂಡಿಸಿದೆ. ಕಿಟಕಿಯ ಬೆಳಕು ಎಡಕ್ಕೆ, ರಿಫ್ಲೆಕ್ಟರು (ಶಂಡಿಗೆ ಕೆದರಿ) ಬಲಕ್ಕೆ, ಒಂದು ದೀಪ ಅವರ ತಲೆಯ ಹಿಂದೆ. ಹಿಂದಿನ ದೀಪ ಬಹಳ ಮುಖ್ಯ. ಅದು ಬೆಳ್ಳಗಿನ ಕೂದಲಿಗೆ ಅಂಚು ಕಟ್ಟಿ, ದೇವರ ಪ್ರಭಾವಳಿಯಂತೆ ಬೆಳಗಿಸುತ್ತದೆ.

"ಅಳಿಯಂದ್ರ, ಹಿಂದ ನಮ್ಮ ಕಾಂಚನಾನ ಟಿಜೋರಿ ಕಾಣ್ತೈತಿಲ್ರಿ?"

"ಇಲ್ರಿ ಅತ್ತಿಯಾರ, ಅದು ಮಸುಕಾಗತೈತಿ."

"ಅಷ್ಟ ದೊಡ್ಡ ಟಿಜೋರಿ ಮಸುಕ ಯಾಕ ಮಾಡ್ತೀರಿ? ಇದ್ದದ್ದ ಕಾಣ್ಲಿ. ನಗಲೇನು?"

"ನಗಬ್ಯಾಡ್ರಿ. ಗದ್ದ ಸ್ವಲ್ಪ ಕೆಳಗ. ನನ್ನ ನೋಡಬ್ಯಾಡ್ರಿ, ದೂರ ನೋಡ್ರಿ. ಯಾವುದೋ ಬ್ಯಾರೆ ಲೋಕ ನೋಡಿದಂಗ."

"ಉಪ್ಪಿಟ್ಟ ಹತ್ತಿದ ವಾಸನಿ ಬರಾಕತ್ತೈತ್ರಿ," ಎನ್ನುತ್ತ ಅವರು ಅಡುಗೆಮನೆಯ ಕಡೆ ನೋಡಿದರು. ನಾನು ಗುಂಡಿ ಒತ್ತಿದೆ. ಆಹಾ, ಆ ಚಿಂತನಶೀಲ ನೋಟ! ಉಪ್ಪಿಟ್ಟಿನದೆಂದು ಯಾರೂ ಹೇಳಲಾರರು.

ಮರುದಿನ ಫ್ರೇಮಿನ ಅಂಗಡಿಗೆ ಹೋದೆ. ಅಲ್ಲಿಯ ಹಿರಿಯ ಗೋವೆಯವನು. ಅವನ ಯಂತ್ರ ಹಿತ್ತಾಳೆ ಪಟ್ಟಿಯ ಮೇಲೆ ಕೊರೆಯುತ್ತಿದ್ದುದು ಮರಾಠಿ ಅಕ್ಷರವನ್ನೇ. ಇರಲಿ, ಬೀಗರು ಬೆಳಗಾವಿಯವರು, ಮರಾಠಿ ಚೆನ್ನಾಗಿ ಓದುತ್ತಾರೆ. ನನ್ನ ಮನಸ್ಸಿನಲ್ಲಿದ್ದದ್ದು "ಕೈಚಳಕ: ಪುಂಡಲೀಕ ಕಿತ್ತೂರ" ಎಂದು. ಆದರೆ ಪಟ್ಟಿ ಗಿಡ್ಡ, ನನ್ನ ಹೆಸರು ಉದ್ದ. ಹೆಸರು ಕತ್ತರಿಸುವ ಮಾತೇ ಇಲ್ಲ. ಹೀಗಾಗಿ ಡಾಕ್ಟರನ್ನು ಡಾ. ಮಾಡುವಂತೆ ಕೈಚಳಕವನ್ನು ಚಿಕ್ಕದು ಮಾಡಿ, ನನ್ನ ದುಂಡು ಮರಾಠಿ ಅಕ್ಷರದಲ್ಲಿ ಬರೆದುಕೊಟ್ಟೆ: "ಕೈ. ಪುಂಡಲೀಕ ಕಿತ್ತೂರ".

ಹಿರಿಯ ಓದಿದ. ಕನ್ನಡಕ ತೆಗೆದ. ಫೋಟೋದಲ್ಲಿದ್ದ ಅತ್ತೆಯನ್ನು ನೋಡಿ ಮೆಲ್ಲಗೆ ಕೈ ಮುಗಿದ. ಕಲೆಯ ಮುಂದೆ ಇಷ್ಟು ವಿನಯದಿಂದ ನಿಂತವರನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಒಳಗಿಂದ ಗಂಧದ ಚಕ್ಕೆಯ ಹಾರವೊಂದನ್ನು ತಂದು, ದುಡ್ಡು ಬೇಡ, ಹಾಕಿಕೊಂಡು ಹೋಗಿ ಎಂದು ಸನ್ನೆ ಮಾಡಿದ. ಕಲೆಗೆ ಅಲಂಕಾರ ಬೇಡವೆಂದು ಗಂಭೀರವಾಗಿ ತಲೆಯಾಡಿಸಿ ಬಂದೆ.

ಮದುವೆಯ ದಿನ ಸಾವರ್ಡೆಯ ಮದುವೆ ಹಾಲ್‌ನಲ್ಲಿ ಎಲ್ಲರಿಗಿಂತ ಮೊದಲು ನಾನಿದ್ದೆ. ಬಾಗಿಲ ಬಳಿ ಸ್ಟ್ಯಾಂಡಿನ ಮೇಲೆ ಫೋಟೋ ನಿಲ್ಲಿಸಿದೆ. ಪಟ್ಟಿಯನ್ನು ಪಂಜೆಯ ಚುಂಗಿನಿಂದ ಒರೆಸಿದೆ. ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು, ಯಾರಾದರೂ ಒತ್ತಾಯ ಮಾಡಿದರೆ ಇರಲಿ ಎಂದು, ಮಂಟಪದ ಪಕ್ಕ ನಿಂತೆ. ಅಬ್ರಾರ ಬಂದು ನೋಡಿದ.

"ಲೈಟ್ ಭಾರಿ ಕುಂತೈತಿ ಅಂಕಲ್," ಎಂದ. ಪಟ್ಟಿ ಓದುವಷ್ಟರಲ್ಲಿ ಯಾರೋ ಮದುಮಗಳ ಕೋಣೆಗೆ ಕರೆದರು, ಓಡಿದ.

ಬೀಗರು ಬಂದರು. ವಾಲಗ ಊದುತ್ತಿತ್ತು. ಸ್ವಲ್ಪ ಹೊತ್ತಿಗೆ ವಾಲಗ ನಿಂತಿತು. ನೋಡಿದರೆ ಬಾಗಿಲಲ್ಲಿ ಗುಂಪು, ಗುಂಪಿನ ನಡುವೆ ನನ್ನ ಕಲಾಕೃತಿ, ಅದರ ಮುಂದೆ ಬಗ್ಗಿ ಪಟ್ಟಿ ಓದುತ್ತಿರುವ ಕೇಸರಿ ರುಮಾಲಿನ ಹಿರಿಯರೊಬ್ಬರು. ವರನ ದೊಡ್ಡಪ್ಪ. "ಪುಂಡಲೀಕ... ಪುಂಡಲೀಕ..." ಎಂದು ಬಾಯಿಂದ ಬಾಯಿಗೆ ನನ್ನ ಹೆಸರು ಹೋಗುತ್ತಿರುವುದು ಮಂಟಪದವರೆಗೂ ಕೇಳಿಸಿತು. ಇಂಥ ಹೊತ್ತಿನಲ್ಲಿ ಓಡಬಾರದು. ಸಂಕೋಚದಿಂದ ನಡೆಯಬೇಕು. ನಾನು ಸಂಕೋಚದಿಂದ ಓಡಿದೆ.

"ಇದು ಯಾವಾಗ ಆತ್ರಿ?" ದೊಡ್ಡಪ್ಪ ಕೇಳಿದರು. ದನಿ ನಡುಗುತ್ತಿತ್ತು. ಕಲೆ ಅವರನ್ನು ತಟ್ಟಿತ್ತು.

"ಮೊನ್ನೆ ಮೊನ್ನೆ ಆತ್ರಿ. ಫೋಂಡಾದಾಗ, ನಮ್ಮ ಪಡಸಾಲ್ಯಾಗ."

"ಅಯ್ಯ ದೇವರ! ತ್ರಾಸ ಏನರ ಆತೇನ್ರಿ?"

"ಏನೂ ತ್ರಾಸ ಇಲ್ರಿ. ಕುಂತಲ್ಲೇ ಕುಂತಿದ್ರು. ಗದ್ದ ಕೆಳಗಾತು, ದೂರ ನೋಡಿದ್ರು, ಮುಗದ ಹೋತು."

"ನೀವ ಮಗ್ಗಲದಾಗ ಇದ್ರೇನ್ರಿ?"

"ಮಗ್ಗಲದಾಗ ಏನ್ರಿ, ಎಲ್ಲಾ ನನ್ನ ಕೈಯಾರೆ ಮುಗಸೇನಿ!"

ಹಿಂದಿದ್ದ ಹೆಂಗಸೊಬ್ಬರು ಸೆರಗು ಬಾಯಿಗೆ ಒತ್ತಿಕೊಂಡರು. ದೊಡ್ಡಪ್ಪ ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದು ಕರೆಪ್ಪನ ಕಡೆ ತಿರುಗಿದರು. "ಕರೆಪ್ಪನವರ, ಮೊನ್ನೆ ನಿಮ್ಮ ಮನ್ಯಾಗ ಇಷ್ಟ ದೊಡ್ಡ ಅನಾಹುತ ಆಗೇತಿ. ಸೂತಕ ಇಟಗೊಂಡು ಲಗ್ನಾ ಮಾಡಾಕ ಹೊಂಟೀರಿ? ನಮಗೊಂದ ಮಾತ ಹೇಳಬಾರದ? ಮುಹೂರ್ತ ನಿಲ್ಲಸ್ರಿ!"

"ಸೂತಕ? ಯಾರ ಸತ್ತಾರ್ರಿ?" ಕರೆಪ್ಪನ ಮುಖ ಸುಣ್ಣವಾಯಿತು.

"ಇಲ್ಲೇ ಬರದೈತೆಲ್ಲ! ಹೆಣ್ಮಗಳ ಫೋಟೋದ ಕೆಳಗ ಗಂಡಸಿನ ಹೆಸರು ಅಂದ ಮ್ಯಾಲ ಈ ತಾಯಿ ಮಗಾ ಇರಬೇಕು. ಪುಂಡಲೀಕ!"

ನನಗೆ ಇಷ್ಟೇ ತಿಳಿದದ್ದು: ಕಲಾವಿದ ಯಾರೆಂದು ಇವರಿಗೆ ಗೊಂದಲವಾಗಿದೆ. ಈಗಲ್ಲದೆ ಇನ್ನಾವಾಗ? ಎದೆ ಉಬ್ಬಿಸಿ, ಒಂದು ಕೈ ಪಟ್ಟಿಯ ಮೇಲಿಟ್ಟು ಹೇಳಿದೆ:

"ಮಗಾ ಅಲ್ರಿ, ಅಳಿಯ. ಆ ಪುಂಡಲೀಕ ನಾನ!"

ಸೆರಗು ಒತ್ತಿಕೊಂಡಿದ್ದ ಹೆಂಗಸು ಕಿರುಚಿದರು. ವಾಲಗದವನ ಕೈಯಿಂದ ವಾಲಗ ಜಾರಿತು. ದೊಡ್ಡಪ್ಪ ನನ್ನ ಕಾಲುಗಳನ್ನು ನೋಡಿದರು, ಅವು ನೆಲಕ್ಕೆ ತಾಗಿವೆಯೋ ಇಲ್ಲವೋ ಎಂದು. ಗದ್ದಲ ಕೇಳಿ ಬಂದ ಅಬ್ರಾರ ಈಗ ಪಟ್ಟಿಯನ್ನು ಪೂರ್ತಿ ಓದಿದ. ನಗು ತಡೆದುಕೊಂಡು ಅವನ ಹೆಗಲು ಕುಣಿಯುತ್ತಿತ್ತು.

"ಅಂಕಲ್, 'ಕೈ.' ಅಂತ ಯಾಕ ಬರಸೀರಿ?"

"ಕೈಚಳಕ! ನನ್ನ ಕೈಯಿಂದ ಆದದ್ದು ಅಂತ!"

"ಮರಾಠ್ಯಾಗ ಹೆಸರಿನ ಮುಂದ ಕೈ. ಅಂದ್ರ ಕೈಲಾಸವಾಸಿ ಅಂಕಲ್. ಸತ್ತವರಿಗೆ ಹಾಕ್ತಾರ್ರಿ ಅದನ್ನ."

ಗೋವೆಯ ಆ ಹಿರಿಯ ಕೈ ಮುಗಿದದ್ದು, ಗಂಧದ ಹಾರ ತಂದದ್ದು ಎಲ್ಲ ನನಗೆ ಒಟ್ಟಿಗೇ ಅರ್ಥವಾಯಿತು. ಆಮೇಲೆ ಎದ್ದ ನಗೆಯ ವಿಷಯ ನಾನು ಬರೆಯುವುದಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವಳು, ಶೃಂಗಾರ ಮಾಡಿಕೊಂಡು ಬಾಗಿಲವರೆಗೆ ಓಡಿ ಬಂದಿದ್ದ ಕೀರ್ತಿ. "ಮಾಮಾ, ನಿಮ್ಮದ ನೀವ ಮುಗಸಕೊಂಡ್ರೆಲ್ಲ!" ಎಂದಳು. ಮದುಮಗಳು ಇಷ್ಟು ನಗಬಾರದು. ಕಾಡಿಗೆ ಹರಡಿ ಫೋಟೋ ಕೆಡುತ್ತದೆ. ಹೇಳಲು ಹೋದೆ. ಕಾಂಚನಾ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ನಾ ಮುತ್ತೈದಿ, ಆರತಿ ಹಿಡದ ನಿಂತೇನಿ," ಹಲ್ಲು ಕಚ್ಚಿ ಹೇಳಿದಳು. "ಬಾಗಲದಾಗ ನನ್ನ ಗಂಡನ್ನ ಕೈಲಾಸಕ್ಕ ಕಳಿಸಿ ಬೋರ್ಡ ಹಾಕೀರಿ! ಬಳಿ ಒಡಕೊಳ್ಳಲೇನು ಈಗ?"

"ಕಾಗುಣಿತ ಸರೀನ ಐತಿ," ಎಂದೆ ನಾನು. ಕಲಾವಿದನ ಆತ್ಮವಿಶ್ವಾಸ ಅಷ್ಟು ಬೇಗ ಸಾಯುವುದಿಲ್ಲ.

ದೊಡ್ಡಪ್ಪ ನಗುತ್ತಿದ್ದರು, ಆದರೆ ಬಿಗಿ ಬಿಟ್ಟಿರಲಿಲ್ಲ. "ಜೀವಂತ ಅದಾರ, ಚಲೋ ಆತು. ಆದ್ರ ಆ ಬರವಣಗಿ ಮುಂದ ಅಕ್ಷತಿ ಹಾಕಾಕ ಆಗೂದಿಲ್ರಿ. ಅದು ಹೋಗಬೇಕು."

ಕರೆಪ್ಪ ಲಾರಿಯಿಂದ ಒಂದು ದೊಡ್ಡ ಸ್ಕ್ರೂಡ್ರೈವರ್ ತಂದ. ಪಟ್ಟಿಯನ್ನು ಬುಡಸಹಿತ ಎಬ್ಬಿಸಲು ಹೊರಟಾಗ, ಒಳಗಿನಿಂದ ಸಾಕ್ಷಾತ್ ಶಾರದವ್ವನವರೇ ಬಂದು ತಮ್ಮ ಚಿತ್ರದ ಮುಂದೆ ನಿಂತರು. ಬಹಳ ಹೊತ್ತು ನೋಡಿದರು. ಬೆಳಗುವ ಕೂದಲನ್ನು ಬೆರಳಿಂದ ಮುಟ್ಟಿದರು.

"ಎಷ್ಟ ಚಂದ ತಗದಾರ ನಮ್ಮ ಅಳಿಯಂದ್ರು! ನನ್ನ ಲಗ್ನದಾಗೂ ನಾ ಇಷ್ಟ ಚಂದ ಕಂಡಿದ್ದಿಲ್ಲ."

ಕಾಂಚನಾಳ ಕೈ ನನ್ನ ತೋಳಿನ ಮೇಲೆ ಸಡಿಲಾಯಿತು. ನಾನು ಮೆಲ್ಲಗೆ ಅಂಗಿಯ ಕಾಲರು ಸರಿಮಾಡಿಕೊಂಡೆ. ಇಷ್ಟಕ್ಕೇ ಕಾದಿದ್ದೆನಲ್ಲವೇ? ಇಡೀ ಬೀಗರ ಮುಂದೆ, ತವರಿನ ಹಿರಿಯರ ಬಾಯಿಂದ!

"ಕರೆಪ್ಪಾ, ತಡಿಯೋ, ಪಟ್ಟಿ ಕೀಳಬ್ಯಾಡ," ಎಂದರು ಅತ್ತೆ.

"ಕೇಳ್ರಿ ಎಲ್ಲಾರೂ!" ಎಂದೆ ನಾನು.

"ಇಂಥ ಫೋಟೋ ಮತ್ತ ಆಗೂದಿಲ್ಲ. ಮುಂದಿನ 'ಕೈ.' ಹಂಗ ಇರಲಿ, ಇವತ್ತೊಂದ ದಿನಾ ಹೂವಿನಿಂದ ಮುಚ್ಚರಿ. ಇಂದಲ್ಲ ನಾಳೆ ನನಗ ಬೇಕಾಗತೈತಿ." ಅವರು ಮಗನ ಕೈಯ ಸ್ಕ್ರೂಡ್ರೈವರನ್ನು ಪಟ್ಟಿಯ ಆಚೆ ತುದಿಗೆ ಸರಿಸಿದರು. "ಅಳಿಯಂದ್ರ ಹೆಸರಷ್ಟ ಕೆರದ ತಗಿ."

ಕರೆಪ್ಪ ಕೆರೆಯತೊಡಗಿದ. ಅಬ್ರಾರ ಬೆಳಕು ನೋಡಿಕೊಂಡು, ಮಂಡಿಯೂರಿ, ಅದರದ್ದೂ ಒಂದು ಫೋಟೋ ತೆಗೆದ.