ಸಪ್ಪಳವಿಲ್ಲದೆ ಮನೆಗೆ ಬಂದ ದಿನ

ಜಗಳ ಬಿಡಿಸುವುದರಲ್ಲಿ ನನ್ನಂಥವನು ಗೋಕಾಕದಲ್ಲಿ ಇನ್ನೊಬ್ಬನಿಲ್ಲ ಎಂದು ಹನ್ನೆರಡು ವರ್ಷ ನಂಬಿದ್ದೆ. ನಮ್ಮ ಅವ್ವನಿಗೂ ನನ್ನ ಹೆಂಡತಿ ಶಾಂತಾಳಿಗೂ ಹಾವು-ಮುಂಗುಸಿ ಸಂಬಂಧ. ಮೂಡಲಗಿಯ ಕಚೇರಿಯಿಂದ ನಾನು ಮನೆ ಮುಟ್ಟುವುದಕ್ಕೂ ಅಡುಗೆಮನೆಯಲ್ಲಿ ಯುದ್ಧ ಶುರುವಾಗುವುದಕ್ಕೂ ಸರಿಹೋಗುತ್ತಿತ್ತು. ಬಸ್ಸಿಗೆ ಬರುತ್ತಿದ್ದಾಗ ಆರಕ್ಕೆ ಸರಿಯಾಗಿ, ಕಾರು ಕೊಂಡ ಮೇಲೆ ನಾನು ಯಾವಾಗ ಬಂದರೆ ಆವಾಗ. ಚಪ್ಪಲಿ ಬಿಡುವ ಮೊದಲೇ "ನೋಡ್ರಿ, ಇಬ್ಬರದೂ ಖರೆ ಐತಿ, ಸ್ವಲ್ಪ ತಾಳ್ರಿ" ಎಂದು ನ್ಯಾಯ ಹೇಳುತ್ತಿದ್ದೆ. ಅದಕ್ಕೂ ಬಗ್ಗದಿದ್ದರೆ ಅವ್ವನಿಗೊಂದು, ಶಾಂತಾಳಿಗೊಂದು, ಒಬ್ಬರದು ಇನ್ನೊಬ್ಬರಿಗೆ ತಿಳಿಯದ ಹಾಗೆ, ಕರದಂಟಿನ ಡಬ್ಬಿ. ಅಂಟು, ಬೆಲ್ಲ, ಗೋಡಂಬಿ ಹೊಟ್ಟೆಗೆ ಬಿದ್ದರೆ ಎಂಥ ಸಿಟ್ಟೂ ಇಳಿಯುತ್ತದೆ. ನಾಗನೂರಿನ ಬೀಗರು ಕೂಡ ತಮ್ಮ ಮನೆಯ ತಕರಾರಿಗೆ ನನ್ನನ್ನೇ ಕರೆಸುತ್ತಿದ್ದರು.

ಕಾರನ್ನು ಕೊಂಡದ್ದು ಹುಕ್ಕೇರಿಯ ಒಬ್ಬ ಶೋಕಿಲಾಲನಿಂದ. ಅವನು ಹಾಕಿಸಿದ್ದ ಸೈಲೆನ್ಸರಿನ ಸದ್ದು ಎರಡು ಓಣಿ ಆಚೆಗೆ ಕೇಳುತ್ತಿತ್ತು. ನನಗೂ ಒಳಗೊಳಗೇ ಖುಷಿಯಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಮೊನ್ನೆ ಮಸಗುಪ್ಪಿಯಲ್ಲಿ ಸತ್ತವರ ಮನೆಗೆ ಹೋದಾಗ ಹಿರಿಯರೊಬ್ಬರು, "ಸಾಹೇಬ್ರ, ಗಾಡಿ ದೂರ ನಿಲ್ಲಸ್ರಿ. ಸತ್ತಾಂವ ಎದ್ದು ಕುಂತಾನು" ಎಂದುಬಿಟ್ಟರು. ಅಳುತ್ತಿದ್ದವರೂ ನಕ್ಕರು. ಮರುದಿನವೇ ಗ್ಯಾರೇಜಿನ ರಾಜೂಗೆ ಹೇಳಿ ಮೆತ್ತನೆಯ ಸೈಲೆನ್ಸರ್ ಹಾಕಿಸಿದೆ. "ಹಳೇದು ಇಲ್ಲೇ ಇಟ್ಟಿರ್ತೇನ್ರಿ ಸರ" ಎಂದ. ಯಾರಿಗೆ ಬೇಕು ಆ ದರಿದ್ರ, ಎಂದು ಬಂದೆ.

ಆ ಸಂಜೆ ಕಾರು ಬೆಕ್ಕಿನ ಹಾಗೆ ಬಂದು ಬಾಗಿಲಲ್ಲಿ ನಿಂತಿತು. ಒಳಗೆ ಜಗಳವಿರಲಿಲ್ಲ, ನಗು ಕೇಳುತ್ತಿತ್ತು. ಕಿಟಕಿಯಲ್ಲಿ ಇಣುಕಿದೆ. ಅವ್ವ, ಶಾಂತಾ ಎದುರುಬದುರು ಕೂತು ಒಂದೇ ಡಬ್ಬಿಯಿಂದ ಕರದಂಟು ಮುರಿದುಕೊಂಡು ತಿನ್ನುತ್ತಿದ್ದಾರೆ! ಶಾಂತಾ ಸೆರಗನ್ನು ಟವೆಲ್ಲಿನಂತೆ ಹೆಗಲಿಗೆ ಹಾಕಿ, ದನಿ ದಪ್ಪ ಮಾಡಿ, "ನೋಡ್ರಿ, ಇಬ್ಬರದೂ ಖರೆ ಐತಿ" ಎಂದಳು. ಅವ್ವ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು.

"ಡಬ್ಬಿ ತೀರಾಕ ಬಂತವಾ. ಇವತ್ತ ಯಾವ ಜಗಳಾ ತಗಿಯೂನು?"

"ನಿನ್ನಿ ಉಪ್ಪಿಂದು ಆತ್ರಿ ಅತ್ತಿ."

"ಹಂಗಾದ್ರ ನಿನ್ನ ತವರಮನಿ ಸುದ್ದಿ ಎತ್ತತೇನಿ, ನೀ ಅಳು. ಮೊನ್ನೆ ನಾ ಅತ್ತೇನಿ. ಗಾಡಿ ಸಪ್ಪಳ ಕೇಳಲಿ, ತಡಿ."

ಹನ್ನೆರಡು ವರ್ಷ! ಪಾಳಿ ಹಚ್ಚಿ ಅತ್ತಿದ್ದರು! ಒಳಗೆ ನುಗ್ಗಿ ಕೂಗಾಡಬೇಕು ಎನಿಸಿತು. ಆದರೆ ಜಗಳವೇ ಇಲ್ಲದ ಮನೆಯಲ್ಲಿ ನನಗೇನು ಕೆಲಸ? ಯಾರಿಗೂ ಕಾಣದಂತೆ ಕಾರು ತಿರುಗಿಸಿ ಗ್ಯಾರೇಜಿಗೆ ಹೋದೆ.

"ರಾಜೂ, ಹಳೇದನ್ನ ಹಾಕಪಾ."

"ಯಾಕ್ರಿ ಸರ, ಬಾಳ ಸಪ್ಪಳಾ ಅಂತಿದ್ರಿ?"

"ಮನ್ಯಾಗ ಕಾಯಾಕತ್ತಾರ."

ಬರುವಾಗ ಎರಡು ಡಬ್ಬಿ ಕರದಂಟೂ ತಂದೆ. ಓಣಿಯ ತಿರುವಿನಲ್ಲಿ ಬೇಕೆಂದೇ ಆಕ್ಸಿಲರೇಟರ್ ಒತ್ತಿದೆ. ಒಳಗೆ ಒಂದು ಪಾತ್ರೆ ಬಿತ್ತು, ಅವ್ವನ ಬೈಗುಳ ಶುರುವಾಯಿತು, ಹಿಂದೆಯೇ ಶಾಂತಾಳ ಅಳು. ನಾನು ಗಂಟಲು ಸರಿಮಾಡಿಕೊಂಡು, ಬಾಗಿಲಲ್ಲಿ ನಿಂತು, "ನೋಡ್ರಿ, ಇಬ್ಬರದೂ ಖರೆ ಐತಿ" ಎಂದೆ.

ಶಾಂತಾ ಹೇಳಿದಷ್ಟು ಚೆನ್ನಾಗಿ ಬರಲಿಲ್ಲ.