ಅಮ್ಮನ ಲಟ್ಟಣಿಗೆ ಮತ್ತು ನಮ್ಮ ಮನೆಯ ವೈರಿಂಗ್

ಕರೆಂಟಿನ ಕೆಲಸ ಮಾಡುವವನ ಮನೆಯಲ್ಲೇ ಕರೆಂಟಿನ ಫಜೀತಿ ಜಾಸ್ತಿ. ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ. ಬೇಡ ಅಂದರೂ ಹೇಳುತ್ತಾಳೆ. ಹಾಸನದಿಂದ ಗುಜರಾತಿಗೆ ಬಂದು ಫ್ಯಾಕ್ಟರಿಗಳ ಮೋಟರು, ಪ್ಯಾನೆಲ್ಲು ಅಂತ ಇಪ್ಪತ್ತು ವರ್ಷ ತಿರುಗಿದ್ದೇನೆ. ಮೊದಲು ಸೂರತ್, ಆಮೇಲೆ ವಡೋದರಾ, ಈಗ ಅಹಮದಾಬಾದ್. ಮೂರೂ ಊರಲ್ಲಿ ಫ್ಯಾಕ್ಟರಿಯವರು ನನ್ನ ಮರ್ಯಾದೆ ಉಳಿಸಿದ್ದಾರೆ. ಅದು ಹೋಗಿದ್ದೆಲ್ಲ ಮನೆಯೊಳಗೆ.

೧. ಎರಡು ಪಿನ್ನಿನ ಇಂಜಿನಿಯರ್

ಆಗ ಪಾಂಡೇಸರಾದ, ಬಟ್ಟೆಗೆ ಬಣ್ಣ ಹಾಕುವ ಒಂದು ಡೈಯಿಂಗ್ ಮಿಲ್ಲಿನಲ್ಲಿ ನನಗೆ ಕೆಲಸ, ಸೂರತ್ತಿನಲ್ಲೇ ಬಾಡಿಗೆ ಮನೆ. ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆ ಇರಲು ಬಂದಳು. ಬಟ್ಟೆಬರೆಗಿಂತ ಜೋಪಾನವಾಗಿ ತಂದಿದ್ದು ತನ್ನ ಗ್ರೈಂಡರನ್ನು. ಅದರ ಪ್ಲಗ್ಗಿಗೆ ಮೂರು ಪಿನ್ನು, ನಮ್ಮ ಅಡುಗೆಮನೆಯ ಸಾಕೆಟ್ಟಿಗೆ ಎರಡೇ ತೂತು. ನಾನು ಮೂಲೆ ಅಂಗಡಿಯಿಂದ ಎರಡು ಪಿನ್ನಿನ ಅಡಾಪ್ಟರ್ ತಂದು ಸಿಕ್ಕಿಸಿ, ಆಯ್ತು ರುಬ್ಬಮ್ಮ ಅಂದೆ. ಆ ಮೂರನೇ ಪಿನ್ನು ಇರೋದು ಅರ್ಥಿಂಗಿಗೆ. ಮೆಷಿನ್ನಿನ ಮೈಗೆ ಕರೆಂಟು ಬಂದರೆ ಅದು ಮನುಷ್ಯನನ್ನು ಬಿಟ್ಟು ನೆಲಕ್ಕೆ ಹೋಗಲಿ ಅಂತ. ಮಿಲ್ಲಿನಲ್ಲಿ ಹೊಸಬರಿಗೆಲ್ಲ ಈ ಪಾಠ ಹೇಳುತ್ತಿದ್ದವನು ನಾನೇ.

ಮಾರನೇ ಬೆಳಿಗ್ಗೆ ಅಮ್ಮ ಒದ್ದೆ ಕೈಯಲ್ಲಿ ಗ್ರೈಂಡರ್ ಮುಟ್ಟಿದಳು. ಶಾಕ್ ಹೊಡೆದು ಬಾಗಿಲ ಹತ್ತಿರ ಬಿದ್ದಳು. ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಗಾಬರಿಯಲ್ಲಿ ನಾನು ನೀರು ತರಲು ಓಡಿ ಖಾಲಿ ಲೋಟ ಹಿಡಿದು ಬಂದೆ, ಕೊನೆಗೆ ಅವಳೇ ಎದ್ದು ನನಗೆ ನೀರು ಕೊಟ್ಟಳು. ಆಮೇಲೆ ಕೇಳಿದಳು:

“ಮಿಲ್ಲಲ್ಲಿ ಇಂಥ ಕಡೆ ಏನು ಮಾಡ್ತೀರೋ?”

“ತಲೆಬುರುಡೆ ಬೋರ್ಡು ಹಾಕ್ತೀವಿ.”

“ಮನೇಲಿ ಅಮ್ಮನ್ನ ನಿಲ್ಲಿಸ್ತೀರಾ?”

ಅವತ್ತು ಗ್ರೈಂಡರ್ ಅಟ್ಟ ಸೇರಿತು. ಅಲ್ಲಿಂದ ಮುಂದೆ ಅಮ್ಮ ಯಾವ ಸ್ವಿಚ್ಚನ್ನೂ ಕೈಯಲ್ಲಿ ಮುಟ್ಟಲಿಲ್ಲ. ಲೈಟು, ಫ್ಯಾನು, ಟಿವಿ, ಎಲ್ಲಕ್ಕೂ ಲಟ್ಟಣಿಗೆಯ ತುದಿ. ಪಕ್ಕದ ಮನೆಯ ಕಾಲಿಂಗ್ ಬೆಲ್ಲನ್ನೂ ಅವಳು ಅದರಲ್ಲೇ ಒತ್ತುತ್ತಿದ್ದಳು. ಆ ಮನೆಯ ಬೆನ್, ಅಂದರೆ ಇಲ್ಲಿಯ ಮಾತಲ್ಲಿ ಅಕ್ಕ, ಬಾಗಿಲು ತೆಗೆದು, ಲಟ್ಟಣಿಗೆ ಎತ್ತಿ ನಿಂತ ಅಮ್ಮನನ್ನು ಕಂಡವರೇ, ಹಬ್ಬದಲ್ಲಿ ಒಯ್ದಿದ್ದ ನಮ್ಮ ಎರಡು ಪಾತ್ರೆಗಳನ್ನೂ ನಾವು ಕೇಳುವ ಮೊದಲೇ ವಾಪಸ್ ಕೊಟ್ಟುಬಿಟ್ಟರು.

೨. ಕಾಕಾ ಮಾಡಿದ ಇಸ್ತ್ರಿ

ವಡೋದರಾದಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ನಾನು ಮೊದಲು ತೆಗೆದು ನೋಡಿದ್ದು ಎಂಸಿಬಿ ಡಬ್ಬಿ, ಹಳೇ ಫ್ಯೂಸಿನ ಕೆಲಸ ಮಾಡುವ ಸ್ವಿಚ್ಚುಗಳದು. ಮಾಲೀಕರು ಎಪ್ಪತ್ತು ದಾಟಿದ ಕಾಕಾ, ಅದೇ ಕಟ್ಟಡದ ಮೇಲಿನ ಮನೆಯಲ್ಲಿ ವಾಸ. ಮೊದಲು ಗೀಸರು, ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಾಕಿದರೆ ಎಂಸಿಬಿ ಬಿದ್ದು ಕರೆಂಟು ಹೋಗುತ್ತಿತ್ತಂತೆ. ಬಾಡಿಗೆಯವರಿಗೆ ತೊಂದರೆ ಆಗಬಾರದು ಅಂತ ಹದಿನಾರು ಆಂಪಿಯರಿನದನ್ನು ತೆಗೆಸಿ ನಲವತ್ತರದು ಹಾಕಿಸಿದ್ದರು. ವೈರು ಮಾತ್ರ ಹಳೇದೇ. ಈಗ ಏನು ಹಾಕಿದರೂ ಬೀಳೋದಿಲ್ಲ ಅಂತ ಹೆಮ್ಮೆಯಿಂದ ನನ್ನ ಬೆನ್ನು ತಟ್ಟಿದರು.

ಕಾಕಾ, ಎಂಸಿಬಿ ಇರೋದೇ ಬೀಳೋದಕ್ಕೆ, ವೈರು ಬಿಸಿಯಾಗುವ ಮುಂಚೆ ಅದು ಬಿದ್ದರೆ ಮನೆ ಉಳಿಯುತ್ತದೆ ಅಂತ ವಿವರಿಸಿದೆ. ಪಾಪ, ಅವರ ಮುಖ ಸಣ್ಣಗಾಯಿತು. ಸಂಜೆಯೊಳಗೆ ಹಳೆಯ ಹದಿನಾರರದ್ದನ್ನೇ ಹಾಕಿಸಿದರು, ನಾವೂ ಮನೆ ಹಿಡಿದೆವು. ಆದರೆ ತೊಂದರೆ ಆಗೋದಿಲ್ಲ ಅಂತ ಮಾತು ಕೊಟ್ಟಿದ್ದರಲ್ಲ, ಅದು ಅವರನ್ನು ಕೊರೆಯುತ್ತಿತ್ತು. ಬೆಳಿಗ್ಗೆ ನಮ್ಮ ಮನೆಯಲ್ಲಿ ಗೀಸರ್ ಹಾಕುವ ಹೊತ್ತಿಗೆ ಬಂದು, ನೀವು ಸ್ನಾನ ಮಾಡಿ ಅಂತ ನನ್ನ ಶರ್ಟು ತಗೊಂಡು ಮೇಲೆ ಹೋಗುತ್ತಿದ್ದರು. ಬೇಡ ಅಂದರೆ ಕೇಳಬೇಕಲ್ಲ. ಎರಡು ವರ್ಷ ನಾನು ಮನೆ ಮಾಲೀಕರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಫ್ಯಾಕ್ಟರಿಗೆ ಹೋದೆ. ಮನೆ ಖಾಲಿ ಮಾಡುವಾಗ ಕಾಕಾ ಕೇಳಿದ್ದು ಒಂದೇ, ಹೊಸ ಊರಲ್ಲಿ ಕಾಲರ್ ಯಾರು ಸರಿಯಾಗಿ ಮಾಡ್ತಾರೆ ಅಂತ.

೩. ಸ್ವಸ್ತಿಕದ ಸಾಕೆಟ್ಟು

ಅಹಮದಾಬಾದಿನ ನರೋಡಾದಲ್ಲಿ ಕೆಲಸ ಸಿಕ್ಕ ಮೇಲೆ ಅದೇ ಊರಲ್ಲಿ ಸ್ವಂತ ಫ್ಲ್ಯಾಟು ಕೊಂಡೆವು. ಈ ಮನೆಯಲ್ಲಾದರೂ ಅಮ್ಮ ಕೈಯಿಂದ ಸ್ವಿಚ್ಚು ಒತ್ತುವ ಹಾಗೆ ಮಾಡುತ್ತೇನೆ ಅಂತ ನನಗೆ ಹಟ. ಗೋಡೆಗಳು ಇನ್ನೂ ಬರಿದಾಗಿದ್ದವು. ಸಾಕೆಟ್ಟು ಎಲ್ಲೆಲ್ಲಿ ಬೇಕೋ ಚಾಕ್‌ಪೀಸಿನಲ್ಲಿ ಗುರುತು ಹಾಕಿ ಅಂದ ಎಲೆಕ್ಟ್ರಿಷಿಯನ್. ಹೆಂಡತಿ ಅಡುಗೆಮನೆ ತುಂಬಿಸಿದಳು. ಮಗಳು ಮಂಚದ ಸುತ್ತ ನಾಲ್ಕು ಹಾಕಿದಳು. ನೋಡಲು ಬಂದ ಎದುರುಮನೆಯ ಬೆನ್, ಹಿಟ್ಟಿನ ಗಿರಣಿಗೆ ಪಾಯಿಂಟೇ ಇಲ್ಲವಲ್ಲ ಅಂತ ಗಾಬರಿಯಾದರು. ಇಲ್ಲಿ ಮನೆಯಲ್ಲೇ ಗೋಧಿ ಬೀಸುವ ಪುಟ್ಟ ಗಿರಣಿ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಗಿರಣಿ ಇಲ್ಲ ಅಂದರೆ ನಂಬದೆ ತಾವೇ ಒಂದು ಗುರುತು ಹಾಕಿದರು.

ಅಮ್ಮ ತನ್ನ ಗ್ರೈಂಡರಿಗೆ ಅಂತ ನಲ್ಲಿಯಿಂದ ದೂರ ಒಂದೇ ಒಂದು ಜಾಗ ಆರಿಸಿದಳು. ಈ ಸಲವಾದರೂ ಒಳ್ಳೆಯದಾಗಲಿ ಅಂತ ಚಾಕ್‌ಪೀಸು ಬಿಟ್ಟು ಕುಂಕುಮದಲ್ಲಿ ಸ್ವಸ್ತಿಕ ಬರೆದಳು.

ವಾರ ಬಿಟ್ಟು ಹೋದರೆ ಎಲ್ಲ ಗುರುತಿಗೂ ಸಾಕೆಟ್ಟು ಬಂದಿದೆ, ಇಲ್ಲದ ಗಿರಣಿಗೂ ಬಂದಿದೆ, ಅಮ್ಮನದೊಂದು ಬಿಟ್ಟು. ಅಲ್ಲಿ ವೈರಿನ ಪೈಪು ಸ್ವಸ್ತಿಕವನ್ನು ಬಳಸಿಕೊಂಡು ಸುತ್ತಿ ಹೋಗಿತ್ತು, ಕೆಳಗೆ ಊದುಬತ್ತಿಯ ಬೂದಿ ಬಿದ್ದಿತ್ತು. “ಸಾಹೇಬ್, ದೇವರ ಮೇಲೆ ಉಳಿ ಹೇಗೆ ಇಡಲಿ?” ಅಂದ ಎಲೆಕ್ಟ್ರಿಷಿಯನ್. ಕೊನೆಗೆ ಗ್ರೈಂಡರಿಗೆ ಗಿರಣಿಯ ಸಾಕೆಟ್ಟೇ ಗತಿಯಾಯಿತು. ಬೆನ್ ಈಗಲೂ ಬಂದಾಗ ಗ್ರೈಂಡರಿನೊಳಗೆ ಇಣುಕಿ, ಗೋಧಿ ಎಲ್ಲಿಂದ ಹಾಕೋದು ಅಂತ ಕೇಳುತ್ತಾರೆ.

೪. ಊಟದ ಹೊತ್ತಿಗೆ ಹೋಗುವ ಕರೆಂಟು

ಮನೆಗೆ ಬಂದ ದಿನವೇ ಅಮ್ಮನನ್ನು ಎಂಸಿಬಿ ಡಬ್ಬಿಯ ಮುಂದೆ ನಿಲ್ಲಿಸಿ ಹೊಸ ಬ್ರೇಕರ್ ತೋರಿಸಿದೆ. ಕರೆಂಟು ಮನುಷ್ಯನ ಮೈಗೆ ಹರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇದು ಇಡೀ ಮನೆಯ ಕರೆಂಟು ಕಡಿಯುತ್ತದೆ, ಇದು ಸರಿಯಾಗಿದೆಯೋ ಇಲ್ಲವೋ ಅಂತ ನೋಡಲು ಈ ಪುಟ್ಟ ಬಟನ್ನು ಒತ್ತಬೇಕು ಅಂದೆ. ಅಮ್ಮ ಲಟ್ಟಣಿಗೆಯಲ್ಲಿ ಒತ್ತಿದಳು. ಟಪ್ ಅಂತ ಮನೆಯೆಲ್ಲ ಕರೆಂಟು ಹೋಯಿತು. ಬ್ರೇಕರನ್ನು ತುಂಬಾ ಹೊತ್ತು ನೋಡಿದಳು.

ಎರಡು ತಿಂಗಳ ಮೇಲೆ ಶುರುವಾಯಿತು ನೋಡಿ. ಪ್ರತಿ ಭಾನುವಾರ ಸರಿಯಾಗಿ ಮಧ್ಯಾಹ್ನ ಊಟದ ಹೊತ್ತಿಗೆ ಬ್ರೇಕರ್ ಬೀಳುತ್ತಿತ್ತು. ಗ್ರೈಂಡರ್ ಬಿಚ್ಚಿದೆ, ಗೀಸರ್ ಬಿಚ್ಚಿದೆ, ಸಾಕೆಟ್ಟುಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದೆ. ಎಲ್ಲಾ ಸರಿ. ಎಲೆಕ್ಟ್ರಿಷಿಯನ್ನನ್ನು ಕರೆಸಿದರೆ, ಪೇಂಟಿಂಗಿನಲ್ಲಿ ಸ್ವಸ್ತಿಕ ಮುಚ್ಚಿಸಿದ್ದರ ಫಲ ಅಂದ. ಅದೂ ಆಗಿಹೋಗಲಿ ಅಂತ ಕಾಯಿ ಒಡೆದೆವು. ಆ ಕಾಯಲ್ಲಿ ಅಮ್ಮ ಚಟ್ನಿ ಮಾಡಿದಳು. ಚಟ್ನಿಗೆ ಒಗ್ಗರಣೆ ಬಿದ್ದ ಮೇಲೆ ಮತ್ತೆ ಕರೆಂಟು ಹೋಯಿತು.

ಮುಂದಿನ ಭಾನುವಾರ ಟೆಸ್ಟರ್ ಹಿಡಿದು ಡಬ್ಬಿಯ ಹತ್ತಿರದ ಬಾಗಿಲ ಹಿಂದೆ ಕಾದು ನಿಂತೆ. ಅಮ್ಮ ಅಡುಗೆಮನೆಯಿಂದ ಬಂದಳು, ಡಬ್ಬಿಯ ಮುಚ್ಚಳ ತೆಗೆದಳು, ಬಟನ್ನು ಒತ್ತಿದಳು. ಏನಮ್ಮ ಇದು ಅಂತ ನಾನು ಹೊರಗೆ ಬಂದರೆ ಸ್ವಲ್ಪವೂ ಬೆಚ್ಚಲಿಲ್ಲ.

“ಊಟಕ್ಕೆ ಬನ್ನಿ ಅಂತ ಮೂರು ಸಲ ಕೂಗಿದೆ. ನಿಂಗೆ ಲ್ಯಾಪ್‌ಟಾಪು, ಅವಳಿಗೆ ಸೀರಿಯಲ್ಲು, ಮಗೂಗೆ ವೈಫೈ. ಇದನ್ನ ಒತ್ತಿದ್ರೆ ಎಲ್ಲಾ ಒಟ್ಟಿಗೆ ಹೊರಗೆ ಬರ್ತೀರ. ಸಾರು ಆರೋಗಲ್ಲ.”

ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದವನು ನಾನು, ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಕೈ ಕಣ್ಣಿಗೆ ಬಿತ್ತು. ಬಟನ್ನಿನ ಮೇಲೆ ಇದ್ದದ್ದು ಬರೀ ಬೆರಳು.

“ಲಟ್ಟಣಿಗೆ ಎಲ್ಲಮ್ಮ?” ಅಂದೆ.

“ಅದ್ಯಾಕೆ?” ಅಂತ ನನ್ನನ್ನೇ ವಿಚಿತ್ರವಾಗಿ ನೋಡಿದಳು. “ಇವತ್ತು ಅನ್ನ ಕಣೋ, ಚಪಾತಿ ಅಲ್ಲ.”