ದರ್ಜೆ ನಿರ್ಧಾರವಾಗುವವರೆಗೆ ಸೀನತಕ್ಕದ್ದಲ್ಲ

ಶಸ್ತ್ರಚಿಕಿತ್ಸೆಗೆ ಮುನ್ನ ಪ್ರತಿಯೊಂದು ಸೈನಸ್ ರೋಗವೂ ಲಘು, ಮಧ್ಯಮ, ತೀವ್ರ ಎಂಬ ದರ್ಜೆಗಳಲ್ಲಿ ಒಂದಕ್ಕೆ ಸೇರತಕ್ಕದ್ದು. ಇದು ನಮ್ಮ ಆಸ್ಪತ್ರೆಯ ನಿಯಮ. ದರ್ಜೆಯಿಲ್ಲದ ಮೂಗು ಮುಖದ ಮೇಲಿದ್ದರೂ ಕಡತದಲ್ಲಿರುವುದಿಲ್ಲ.

ಸಾಬೂನು ಕಾರ್ಖಾನೆಯ ವಾಸನೆ ಪರೀಕ್ಷಕನೊಬ್ಬ ದಾಖಲಾದ. ಮೂಗು ಕಟ್ಟಿ, ಗುಲಾಬಿ ಸಾಬೂನಿಗೂ ಬಟ್ಟೆ ಸೋಪಿಗೂ ವ್ಯತ್ಯಾಸ ತಿಳಿಯದಾಗಿತ್ತು. ವಾರದೊಳಗೆ ರೋಗದ ದರ್ಜೆಪತ್ರವನ್ನು ಕಾರ್ಖಾನೆಗೆ ಒಪ್ಪಿಸದಿದ್ದರೆ ಕೆಲಸ ಹೋಗುತ್ತಿತ್ತು. ಜೊತೆಗೆ ಹೆಂಡತಿ ಬಂದಿದ್ದಳು. ಮಾತಾಡುವ ಹೊಣೆ ಅವಳದು.

ಸ್ಕ್ಯಾನ್ ನೋಡುವ ವೈದ್ಯರು "ತೀವ್ರ" ಎಂದರು. ಕೊಳವೆಯಿಟ್ಟು ಇಣುಕುವ ವೈದ್ಯರು "ಮಧ್ಯಮ" ಎಂದರು. ರೋಗಿಯನ್ನು ಕೇಳುವ ಪದ್ಧತಿಯಿಲ್ಲ. ಒಮ್ಮತವಾಗುವವರೆಗೆ ರೋಗವು ಸಾಕ್ಷ್ಯ. ಮೂಗನ್ನು ಒರೆಸಬಹುದು, ಖಾಲಿ ಮಾಡತಕ್ಕದ್ದಲ್ಲ.

"ಸೀನು ಬಂದ್ರೆ ಏನ್ ಮಾಡೋದು ಸ್ವಾಮಿ?" ಎಂದಳು ಹೆಂಡತಿ.

"ಮುಂಚಿತವಾಗಿ ತಿಳಿಸಬೇಕು," ಎಂದೆ, ಕಡತದ ಗುಮಾಸ್ತನಾದ ನಾನು.

ಮೂರನೆಯ ದಿನ ಅವನು ಕಾರಿಡಾರಿನಲ್ಲಿ ತಿಳಿಸದೆ ಸೀನಿದ. ಸೂಚನಾ ಫಲಕದ ಕಾಗದಗಳು ಹಾರಿದವು. ಗಾಲಿಕುರ್ಚಿಯೊಂದು ಅಜ್ಜಿಯ ಸಮೇತ ಎಕ್ಸ್‌ರೇ ಕೋಣೆಗೆ ಹೊರಟಿತು.

"ಲೇ, ಫಿನಾಯಿಲ್! ಎಂಥಾ ಘಮ ಕಣೇ!" ಎಂದು ಅವನು ಕುಣಿದ. "ನಿರ್ದೇಶಕರ ಕೋಣೇಲಿ ಯಾರೋ ಕಿತ್ತಳೆ ಸುಲೀತಿದಾರೆ!"

ಪರಿಶೀಲಿಸಲಾಗಿ, ನಿರ್ದೇಶಕರು ಸುಲಿಯುತ್ತಿದ್ದುದು ನಿಜ.

ಪರಿಸ್ಥಿತಿ ಗಂಭೀರವಾಯಿತು. ರೋಗವಿಲ್ಲದೆ ದರ್ಜೆಯಿಲ್ಲ, ದರ್ಜೆಯಿಲ್ಲದೆ ಪತ್ರವಿಲ್ಲ. ಮೇಲಾಗಿ ತೀವ್ರ ದರ್ಜೆಗೆಂದೇ ಕೊಂಡ ದುಬಾರಿ ಯಂತ್ರ ಮುಸುಕು ಹೊದ್ದು ಕೂತಿತ್ತು.

ನಿರ್ದೇಶಕರು ಕಿತ್ತಳೆ ಕೆಳಗಿಟ್ಟರು. "ಇಷ್ಟ ಬಂದ ಹಾಗೆ ವಾಸಿಯಾದ್ರೆ ಆಸ್ಪತ್ರೆ ನಡೆಸೋದು ಹೇಗಪ್ಪಾ? ಶಿಸ್ತು ಬೇಡ್ವೇ?"

"ತಪ್ಪಾಯ್ತು ಸಾರ್."

"ಮನೇಲೂ ಹೀಗೇ ಸಾರ್," ಎಂದಳು ಹೆಂಡತಿ. "ಒಂದು ಮಾತೂ ಹೇಳ್ದೆ ಏನಾದ್ರೂ ಮಾಡ್ಬಿಡ್ತಾರೆ. ಹೇಗಾದ್ರೂ ಮಾಡಿ ಮೂಗು ಮೊದಲಿನ ಹಾಗೆ ಕಟ್ಟಿಸಿಕೊಡಿ. ಕೆಲಸ ಉಳೀಬೇಕು."

ಮಾನವೀಯ ದೃಷ್ಟಿಯಿಂದ ಒಪ್ಪಲಾಯಿತು. ಅವನನ್ನು ಹಳೆಯ ಕಡತಗಳ ಕೋಣೆಯಲ್ಲಿ ಕೂರಿಸಿ, ಸುತ್ತಲೂ ಧೂಳು ಕೊಡವಲಾಯಿತು. ಹೆಂಡತಿಯೂ ಪೊರಕೆ ಹಿಡಿದಳು. ವಾರ ಮುಗಿಯುವ ಮುನ್ನ ಮೂಗು ಗೋಡೆಯಂತೆ ಕಟ್ಟಿತು. ಇಬ್ಬರು ವೈದ್ಯರೂ ಒಮ್ಮೆಗೇ "ತೀವ್ರ" ಎಂದರು. ದರ್ಜೆಪತ್ರ ಕಾರ್ಖಾನೆ ತಲುಪಿತು. ಯಂತ್ರದ ಮುಸುಕು ತೆಗೆಯಲಾಯಿತು. ಶಸ್ತ್ರಚಿಕಿತ್ಸೆ ಸಂಪೂರ್ಣ ಯಶಸ್ವಿ. ವಾಸನೆ ಮಾತ್ರ ಮತ್ತೆ ಬರಲಿಲ್ಲ.

ಕಾರ್ಖಾನೆ ಅವನಿಗೆ ಮುಖ್ಯ ಪರೀಕ್ಷಕನಾಗಿ ಬಡ್ತಿ ಕೊಟ್ಟಿದೆ. ಈಗ ಅವನು ಯಾವ ಸಾಬೂನನ್ನೂ ತಿರಸ್ಕರಿಸುವುದಿಲ್ಲ. ಅಂದು ಸೀನಿದೊಡನೆ ಮೊದಲು ಸಿಕ್ಕ ಘಮವನ್ನೇ ಎಲ್ಲಕ್ಕೂ ಹಾಕಿಸುತ್ತಾನೆ. ಊರಿಡೀ ಫಿನಾಯಿಲ್ ವಾಸನೆಯ ಸಾಬೂನಿನಲ್ಲಿ ಮೀಯುತ್ತಿದೆ. ಸ್ನಾನ ಮುಗಿಸಿ ಬಂದವರನ್ನು "ಆಸ್ಪತ್ರೆಯಿಂದ ಬಂದ್ರಾ?" ಎಂದು ಮೊದಮೊದಲು ಕೇಳುತ್ತಿದ್ದರು. ಈಗ ಕೇಳುವುದಿಲ್ಲ.